ಲೆಕ್ಕಕ್ಕುಂಟು

ಭಾನುವಾರ ಬೆಳಿಗ್ಗೆ ಕಾರಂಜಾ ಕಟ್ಟೆಯ ಮೇಲೆ
ಕೊಡೆ, ಥರ್ಮಾಸು, ಉದ್ದ ಹಾಜರಿ ಪುಸ್ತಕ,
ಕೊರಳಲ್ಲಿ ಶಾಲೆಯ ಓಟದ ಗಡಿಯಾರ.
ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದವಳು
ಈಗ ಗಾಳಿಯ ಲೆಕ್ಕ ಇಡುತ್ತೇನೆ.

ವಾಯುಸೇನೆಯ ನೇಗಿ ಸಾಹೇಬರು ಬೀದರ ಬಿಟ್ಟು ಹೋಗುವಾಗ
ಉಳಿಸಿಹೋದದ್ದು ಎರಡು ಪ್ಲೈವುಡ್ ದೋಣಿ,
ಒಂದು ಸೀಟಿ, ಒಂದು ಅಂಕಿಪಟ್ಟಿ.
ವೇಗದ ದೋಣಿಗೆ ನೂರು.
ನಿಧಾನದ್ದಕ್ಕೆ ಎಷ್ಟು ನಿಧಾನವೋ ಅಷ್ಟು ಮೇಲೆ.
ಹಿಡಿದ ಹೊತ್ತನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿದರೆ
ದೋಣಿ ಕಳೆದುಹೋಗುತ್ತದೆ, ಅನ್ನುತ್ತಿದ್ದರು ನೇಗಿ,
ಉಳಿಯುವುದು ಮನುಷ್ಯ.

ಡಾಕ್ಟರ್ ಧನ್ನೂರರ ಬಿಳಿ ದೋಣಿ ಹೈದರಾಬಾದಿನಿಂದ
ಲಾರಿಯಲ್ಲಿ ಬಂದದ್ದು: ನೂರು.
ಪಾಲಿಟೆಕ್ನಿಕ್ಕಿನ ನಿಖತ್,
ನೇಗಿಯವರ ಹಳೆಯದಕ್ಕೆ ತಾನೇ ಡಾಂಬರು ಬಳಿದು: ನೂರಾ ಹನ್ನೆರಡು.
ಘಾಳೆಪ್ಪನದು ಮೀನು ಹಿಡಿಯುವ ದೋಣಿ.
ಯೂರಿಯಾ ಚೀಲ ಬಿಚ್ಚಿ ಹೊಲಿದ ಹಾಯಿ;
ಗಾಳಿ ತುಂಬಿದಾಗ ದಡದಿಂದಲೇ ಓದಬಹುದು,
‘ಕೊಕ್ಕೆ ಬಳಸಬೇಡಿ’.
ಅಂಥ ದೋಣಿ ಪಟ್ಟಿಯಲ್ಲಿಲ್ಲ.
ನಾಲ್ಕು ವಾರ ನೋಡಿ ನಾನೇ ಬರೆದೆ ನೂರೈವತ್ತು,
ಪೆನ್ಸಿಲಿನಲ್ಲಿ.

ಹೋದ ವಾರ ಡಾಕ್ಟರು ಐವತ್ನಾಲ್ಕು ನಿಮಿಷಕ್ಕೆ ದಡ ಮುಟ್ಟಿದರು.
ನಿಖತ್ ಅರವತ್ತೊಂದು ದಾಟಿ, ಚೂರು.
ಹಾಯಿ ಮಡಚಿದ್ದಾಯಿತು, ಉಪ್ಪಿಟ್ಟಿನ ಡಬ್ಬಿ ಬರಿದಾಯಿತು,
ಎಂಬತ್ತಕ್ಕೆ ಬಂದ ಘಾಳೆಪ್ಪ,
ನಡುದಾರಿಯಲ್ಲಿ ಬಲೆಯೊಂದನ್ನು ಎತ್ತಿ ನೋಡಿ.
ಭಾಗಿಸಿದೆ. ಎರಡು ಸಲ ಭಾಗಿಸಿದೆ.
ಐವತ್ತಮೂರು ನಿಮಿಷ, ಇಪ್ಪತ್ತು ಸೆಕೆಂಡು.
ಅಂಗೈಯಗಲ ಬಿದ್ರಿ ತಟ್ಟೆ ಘಾಳೆಪ್ಪನಿಗೆ,
ನಲವತ್ತು ಸೆಕೆಂಡಿನಿಂದ.

‘ಅಕ್ಕೋರ, ಅವ್ನ ಊರೇ ಈ ನೀರಾಗ ಅದ,’ ಅಂದರು ಡಾಕ್ಟರು.
‘ಯಾ ದಿಬ್ಬದ ಮ್ಯಾಲ ಹವಾ ಹ್ಯಾಂಗ ಹೊಳ್ಳತದ
ಅವ್ನಿಗಿ ಗೊತ್ತು, ನಮಗಿಲ್ಲ.
ಅದಕ್ಕೂ ಅಂಕಿ ಕಡೀಬೇಕಲ್ಲ?’
ಐದು ಕಡಿದರೆ ಸಾಕು, ಘಾಳೆಪ್ಪ ಮೂರನೆಯವ.
ಅದು ಅವರಿಗೂ ಗೊತ್ತಿತ್ತು, ನನಗೂ.
ಮುಳುಗಿದ ಮನೆಗೆ ಎಷ್ಟು, ತುಳಸಿಕಟ್ಟೆಗೆ ಎಷ್ಟು?
‘ಅಂಕಿ ದೋಣಿಗ್ರೀ, ಮನಶ್ಯಾಗಲ್ಲ,’ ಅಂದೆ.

ಆಗ ಘಾಳೆಪ್ಪ ತಟ್ಟೆಯನ್ನು ಹಾಜರಿ ಪುಸ್ತಕದ ಮೇಲಿಟ್ಟ.
‘ಸಣ್ಣವ್ರಿದ್ದಾಗ ನಮ್ಮ ತಮ್ಮಗ ಅಂತಿದ್ದೆವ್ರೀ,
ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಔಟಾದ್ರೂ ಔಟಿಲ್ಲ ಅಂವ. ಅಳತಿದ್ದ.
ಯಾಕ ಅಳತಿದ್ದ ಅಂತ ಈಗ ತಿಳೀತು.
ನನಗ ನೂರೇ ಬರೀರಿ.
ಒಮ್ಮಿ ಪೂರಾ ಸೋತು ನೋಡ್ತೀನಿ.’

ನನ್ನ ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿ
ಗಣಿತದ ಪಕ್ಕ ಒಂದು ಚುಕ್ಕಿಯಿದೆ. ಮೂರು ಕೃಪಾಂಕ.
ನೌಕರಿಯ ಸಂದರ್ಶನದಲ್ಲಿ
ಹೆಬ್ಬೆರಳನ್ನು ಅದರ ಮೇಲೆಯೇ ಇಟ್ಟು ಹಿಡಿದಿದ್ದೆ.
ಯಾರಿಗೂ ಹೇಳಿಲ್ಲ; ಘಾಳೆಪ್ಪನಿಗೂ ಹೇಳಲಿಲ್ಲ.
‘ಇದು ಕೃಪೆ ಅಲ್ಲೋ, ಭಾಗಾಕಾರ!’ ಅಂದೆ.
ದನಿ ಬೇಕಾದ್ದಕ್ಕಿಂತ ಜೋರಾಯಿತು.
ದಡದ ಎಮ್ಮೆಯೊಂದು ತಿರುಗಿ ನೋಡಿತು.

ದೋಣಿ ಅದಲುಬದಲು ಮಾಡ್ರಿ ಅಂದವಳು ನಿಖತ್.

ಇವತ್ತು ಘಾಳೆಪ್ಪ ಬಿಳಿಯದರಲ್ಲಿ ಎರಡು ಸಲ ಮಗುಚಿ
ಅರವತ್ತೈದಕ್ಕೆ ಬಂದು ಲುಂಗಿ ಹಿಂಡುತ್ತಿದ್ದಾನೆ,
ಇಷ್ಟು ಹಗುರದ್ದು ಹುಡುಗರ ಆಟಿಗೆ, ಅನ್ನುತ್ತ.
ಡಾಕ್ಟರು ಇನ್ನೂ ನೀರಿನ ಮೇಲೆ.
ನೂರಾ ಹತ್ತು ನಿಮಿಷ.
ಗಾಳಿ ಬಿದ್ದಿದೆ, ಯೂರಿಯಾ ಚೀಲ ಜೋತಿದೆ,
ಕೊಕ್ಕೆಯ ಮಾತು ಮಡಿಕೆಯೊಳಗೆ.
ಕಟ್ಟೆಯ ತುದಿಗೆ ಓಡಿ, ಬಾಯಿಗೆ ಕೈ ಕಟ್ಟಿ
ಘಾಳೆಪ್ಪ ಒದರುತ್ತಾನೆ:
‘ಹುಣಚಿಗಿಡದ ಎಡಕ್ಕ ಬರ್ರೀ ಸಾಹೇಬ್ರ!
ಹುಣಚಿಗಿಡದ ಎಡಕ್ಕ!’
ಬಟಾಬಯಲು ನೀರಿನ ನಡುವೆ
ಡಾಕ್ಟರು ಎದ್ದು ನಿಂತು, ಹಣೆಗೆ ಕೈ ಹಚ್ಚಿ
ಗಿಡ ಹುಡುಕುತ್ತಿದ್ದಾರೆ.

ಗಡಿಯಾರ ನಿಲ್ಲಿಸಿಲ್ಲ.