ಕೆಂಪು ನಲ್ಲಿಯ ತಣ್ಣೀರು

ಮುಹರ್ರಕ್‌ನ ಈ ಮಹಡಿಯಲ್ಲಿ ಮೂರು ಸಂಸಾರ,
ಒಂದೇ ಮೀಟರು.
ಜುಲೈಯ ಬಿಲ್ಲು ಬಂದ ದಿನ
ನಲವತ್ತೆಂಟು ದಿನಾರನ್ನು ಮೂರು ಪಾಲು ಮಾಡುವಾಗ
ಎಲ್ಲರ ಕಣ್ಣು ಹೋದದ್ದು
ನನ್ನ ಗಂಡನ ಹೊಲಿಗೆ ಮೆಷಿನಿನ ಕಡೆಗೆ.

“ಇದ್ದಿನಬ್ಬ ರಾತ್ರಿ ಎರಡರವರೆಗೆ ಕಟಕಟ ಮಾಡುತ್ತಾನೆ,
ಶಬ್ದವೇ ಇಷ್ಟಿದ್ದರೆ ಕರೆಂಟು ಎಷ್ಟಿರಲಿಕ್ಕಿಲ್ಲ?”
ವಾಮನ ಸಾಲ್ಯಾನರು ಮೆಲ್ಲಗೆಯೇ ಅಂದದ್ದು.
ಆದರೆ ನಮ್ಮ ಗೋಡೆಗಳು ಪ್ಲೈವುಡ್ಡಿನವು.
ಆ ವಾರ ಒಂದೇ ಒಲೆಯ ಮೇಲೆ
ಮೂರು ಅನ್ನ ಮಾತಿಲ್ಲದೆ ಬೆಂದವು.

ಶುಕ್ರವಾರ ಜೆಸಿಂತಾ ಬಂದಳು,
ಸಂಘದವರು ಕಳಿಸಿದ ಹುಡುಗಿ, ಶಿರ್ವದವಳು,
ಬ್ಯಾಗಿನಲ್ಲಿ ಅಂಗೈಯಗಲದ ಅಳೆಯುವ ಪೆಟ್ಟಿಗೆ.
ಭಾಷಣ ಇರಬಹುದೆಂದು ನಾವು ಚಾಪೆ ಹಾಸಿದ್ದೆವು.
ಅವಳು ಕೂರಲೇ ಇಲ್ಲ.
“ಮೊದಲು ಎಲ್ಲ ಆಫ್ ಮಾಡಿ” ಅಂದಳು.

ಮಾಡಿದೆವು. ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ
ಬೆವರುತ್ತ ನಿಂತೆವು ಒಂಬತ್ತು ಜನ,
ರಂಜಾನಿನ ಚಂದ್ರನನ್ನು ಹುಡುಕುವವರ ಹಾಗೆ.
ಕೆಂಪು ಚುಕ್ಕಿ ಇನ್ನೂ ಮಿಟುಕುತ್ತಿತ್ತು.
ಯಾರದು? ಯಾರು ಇನ್ನೂ ಉಣ್ಣುತ್ತಿರುವುದು?

ಬಚ್ಚಲಿನ ಗೀಸರು!
ಸ್ವಿಚ್ಚು ಬಾಗಿಲ ಹಿಂದೆ, ಯಾರದೋ ಟವೆಲಿನ ಅಡಿಯಲ್ಲಿ.
ಜನವರಿಯ ಚಳಿಗೆ ಹಾಕಿದ್ದು, ಆರಿಸಿದ ನೆನಪು ಯಾರಿಗೂ ಇಲ್ಲ.
ತಾರಸಿಯ ಟ್ಯಾಂಕಿಯಲ್ಲಿ ಬಿಸಿಲೇ ನೀರು ಕಾಯಿಸುವ ಊರಿನಲ್ಲಿ
ಆರು ತಿಂಗಳು ನಾವು
ಬಿಸಿನೀರನ್ನು ಬಿಸಿ ಮಾಡಿದ್ದೆವು.

ಆಮೇಲೆ ಒಂದೊಂದಾಗಿ ಪೆಟ್ಟಿಗೆಗೆ ಸಿಕ್ಕಿಸಿದಳು.
ಮೆಷಿನು: ಎಂಬತ್ತು.
ಪ್ರೆಸಿಲ್ಲಾಳ ಕೂದಲೊಣಗಿಸುವ ಯಂತ್ರ: ಸಾವಿರದ ನೂರು.
ಪ್ರೆಸಿಲ್ಲಾ ಛಾವಣಿ ನೋಡಿದಳು,
ಸಾಲ್ಯಾನರು ಇದ್ದಿನಬ್ಬನ ಹೆಗಲ ಮೇಲೆ ಕೈ ಇಟ್ಟರು,
ಕ್ಷಮೆ ಕೇಳಲಿಕ್ಕೋ, ಬೆವರು ಒರೆಸಲಿಕ್ಕೋ, ಗೊತ್ತಾಗಲಿಲ್ಲ.

ಎಸಿಯ ಜಾಳಿಗೆ ಬಿಚ್ಚಿದರೆ
ಮರಳು, ನಮ್ಮೆಲ್ಲರ ಕೂದಲು,
ಹೊಲಿದ ಎಷ್ಟೋ ಅಬಾಯಗಳ ಕಪ್ಪು ನೂಲು
ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು.
“ಪಾಪ, ಇದು ಮೂಗು ಕಟ್ಟಿಕೊಂಡೇ ದುಡಿದಿದೆ” ಅಂದಳು ಜೆಸಿಂತಾ.
ಹದಿನಾರರ ಗುಂಡಿಯನ್ನು ಇಪ್ಪತ್ತನಾಲ್ಕಕ್ಕೆ ತಂದಳು.
ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಸಾಲ್ಯಾನರು ಗೊಣಗಿದರು.
ಫ್ಯಾನು ಹಾಕಿದಳು.
ಗೊಣಗುತ್ತಲೇ ನಿದ್ದೆ ಹೋದರು.

“ಇನ್ನೇನಾದರೂ ಉಂಟಾ?” ಎಂದು ಕೇಳಿದಳು.
ಇಲ್ಲ ಎಂದೆ.
ಇಸ್ತ್ರಿ ಪೆಟ್ಟಿಗೆ ಮಂಚದ ಅಡಿಯಲ್ಲಿತ್ತು.
ದಿನಕ್ಕೆ ಹತ್ತು ಬಟ್ಟೆ, ಎರಡೆರಡು ಗಂಟೆ.
ನನ್ನ ಕಾಲು ಅದರ ವೈರನ್ನು
ಮೆಲ್ಲಗೆ ಒಳಗೆ ತಳ್ಳುತ್ತಿತ್ತು.

ಹೊರಡುವ ಮೊದಲು ಮುಖ ತೊಳೆಯಲು ನಲ್ಲಿ ತಿರುಗಿಸಿ
“ಅಯ್ಯೋ ಸುಟ್ಟಿತು!” ಎಂದು ಕಿರುಚಿದಳು.
“ನೀಲಿ ಅಲ್ಲ ಮಾರಾಯ್ತಿ, ಕೆಂಪು ತಿರುಗಿಸು” ಎಂದೆ.
ಆರಿಸಿದ ಗೀಸರಿನ ಹೊಟ್ಟೆಯ ನೀರು
ಮನೆಯ ನೆರಳಲ್ಲಿ ತಣಿದಿರುತ್ತದೆ,
ಬೇಸಿಗೆಯಲ್ಲಿ ಇಲ್ಲಿ ಕೆಂಪೇ ತಣ್ಣಗೆ.
ಹಳೆಯ ಮನೆಯಲ್ಲಿ ಮಾಡುತ್ತಿದ್ದೆವು,
ಇಲ್ಲಿ ಮೂರು ಸಂಸಾರದ ಗಡಿಬಿಡಿಯಲ್ಲಿ ಮರೆತಿದ್ದೆವು.
ಅವಳಿಗೆ ಇದು ಗೊತ್ತೇ ಇರಲಿಲ್ಲ!
ಒದ್ದೆ ಕೈಯಲ್ಲೇ ಬರೆದುಕೊಂಡಳು.

ಮಗಳು ಮಿಸ್ರಿಯಾ ಈಗ ದಿನಾ ಸಂಜೆ
ಕ್ಯಾಲೆಂಡರಿನ ಹಿಂದೆ ಮೀಟರಿನ ಅಂಕಿ ಬರೆಯುತ್ತಾಳೆ,
ಒಂದು ದಿನ ಏರಿದರೆ ಇಡೀ ಮನೆಯ ವಿಚಾರಣೆ.

ಆಗಸ್ಟಿನ ಬಿಲ್ಲು ಮೂವತ್ತೇಳು.
ಮೂರು ಪಾಲು ಮಾಡಿದರೆ ಹನ್ನೆರಡು, ಹನ್ನೆರಡು, ಹನ್ನೆರಡು,
ಉಳಿದದ್ದು ಒಂದು ದಿನಾರು.
“ಅದು ನಮ್ಮದು” ಎಂದೆ.
ಯಾಕೆ ಎಂದು ಯಾರೂ ಕೇಳಲಿಲ್ಲ,
ಇದ್ದಿನಬ್ಬ ಮಾತ್ರ ಮಂಚದ ಅಡಿಗೆ ನೋಡಿದ.

ಈಗ ಬಟ್ಟೆ ಕೂಡಿಟ್ಟು ವಾರಕ್ಕೆರಡು ಸಲ ಇಸ್ತ್ರಿ.
ಮೊದಲು ದಪ್ಪದ್ದು, ಕೊನೆಗೆ ತೆಳ್ಳಗಿನದು.
ಪ್ಲಗ್ಗು ಕಿತ್ತ ಮೇಲೂ ಕಬ್ಬಿಣಕ್ಕೆ
ಐದು ನಿಮಿಷ ನೆನಪಿರುತ್ತದೆ.
ಅಷ್ಟರಲ್ಲಿ
ಮಿಸ್ರಿಯಾಳ ಶಾಲೆಯ ರಿಬ್ಬನ್ನು.