ಒಂದಡಿ ಹೊರಗೆ

ಕಾರು ಹನ್ನೊಂದಡಿ ಚಿಲ್ಲರೆ,
ಹಲಗೆ ಹನ್ನೆರಡೂವರೆ.
ರವಿಕೆಯ ಟೇಪಿನಲ್ಲಿ ಮೂರು ತುಂಡಾಗಿ ಅಳೆದೆ,
ಎರಡನೇ ಸಲವೂ ಅಷ್ಟೇ ಬಂತು.
"ಬಟ್ಟೆಯಾದರೆ ಒಳಗೆ ಮಡಚಿ ಹೊಲಿಯುತ್ತಿದ್ದೆ" ಅಂದೆ.
ಮೈಮೂನಾ ನಗಲಿಲ್ಲ. ಅವಳು ಆಗಲೇ
ಒಂದು ತುದಿ ಎತ್ತಿಕೊಂಡು ನಿಂತಿದ್ದಳು.

ಮುಚ್ಚಿದ ರೆಸಾರ್ಟೊಂದರಿಂದ ಅರ್ಧ ಕ್ರಯಕ್ಕೆ ಬಂದ ಜೋಡಿ,
ನಿಂತು ಹುಟ್ಟು ಹಾಕುವ ಹಲಗೆಗಳು.
ನಲವತ್ತಾರರಲ್ಲಿ ನಾನು, ನಲವತ್ತೊಂಬತ್ತರಲ್ಲಿ ಅವಳು
ನೀರಿನ ಮೇಲೆ ನಿಲ್ಲಲು ಕಲಿತದ್ದಕ್ಕೆ
ಸುರತ್ಕಲ್ಲಿನಲ್ಲಿ ಹೇಳಬಹುದಾದ ಕಾರಣ ಇಲ್ಲ.
ಮೊಣಕಾಲು ನೋವಿಗೆ ಅಂತ ಹೇಳಿದ್ದೇವೆ.

ಬೆಳಿಗ್ಗೆ ಐದೂಕಾಲು.
ಪಕ್ಕದ ಮನೆಯ ವಾಮನ ಕುಂದರ್ ಹಲ್ಲುಜ್ಜುತ್ತಾ ಬಂದರು,
ಮೂವತ್ತು ವರ್ಷ ಬೋಟಿನಲ್ಲಿ ತಾಂಡೇಲ.
ಬ್ರಷ್ ಬಾಯಲ್ಲೇ ಇಟ್ಟು ಕಾರಿಗೆ ಒಂದು ಸುತ್ತು ಬಂದರು.
ಉಗಿದು, ಬಾಯಿ ಮುಕ್ಕಳಿಸಿ,
ನಾನು ಹಾಕಿದ ಗಂಟುಗಳನ್ನೆಲ್ಲ
ಒಂದು ಮಾತಿಲ್ಲದೆ ಬಿಚ್ಚಿದರು.

ಆಮೇಲೆ:
ಮಾಡಿನ ಮೇಲೆ ಅಡ್ಡಕ್ಕೆ ಎರಡು ಸ್ಪಂಜಿನ ಕೊಳವೆ.
ಹಲಗೆ ಬೋರಲು. ಬಾಲ ಮುಂದಕ್ಕೆ, ಫಿನ್ನು ಆಕಾಶಕ್ಕೆ.
(ಹಾಗಾದರೆ ಉಡುಪಿಯವರೆಗೆ ಅದು ಹಿಮ್ಮುಖವಾಗಿಯೇ ಹೋಗುತ್ತದೆ.)
ಒಂದರ ಮೇಲೊಂದು, ನಡುವೆ ಹಳೆ ಜಮಖಾನ.
ಪಟ್ಟಿ ಎರಡೂ ಬಾಗಿಲ ಒಳಗಿಂದ ಸುತ್ತಿ,
ಬಕಲಿನಡಿ ಬಟ್ಟೆ, ಪೈಂಟಿಗೆ ತಾಗದ ಹಾಗೆ.
ಮೂಗಿಗೊಂದು ಹಗ್ಗ, ಬಾಲಕ್ಕೊಂದು,
ಬಂಪರಿನಡಿಯ ಕೊಕ್ಕೆಗೆ.
ನಾನು ಹಲ್ಲು ಕಚ್ಚಿ ಎಳೆದೆ.
"ಭಾರೀ ಬಿಗಿ ಬೊಡ್ಚಿ" ಅಂದರು.
ಹೆಚ್ಚು ಎಳೆದರೆ ಹಲಗೆಯ ಬೆನ್ನು ಹೋಗುತ್ತದೆ,
ಸಡಿಲ ಬಿಟ್ಟರೆ ಹಿಂದಿನವನ ಗಾಜು.
ಅಲ್ಲಾಡಿಸಿ ನೋಡು,
ಹಲಗೆ ಅಲ್ಲಾಡಿದರೆ ಕಾರೂ ಅಲ್ಲಾಡಬೇಕು.

ಅಲ್ಲಾಡಿತು, ಸ್ಪ್ರಿಂಗು ಕಿರ್ರೆಂದಿತು.
ಹಿಂದೆ ಚಾಚಿದ ಆ ಒಂದಡಿಗೆ
ಗ್ರೆಟ್ಟಾಳ ಮಗಳ ಮದುವೆ ರವಿಕೆಯಲ್ಲಿ ಉಳಿದ
ಕೆಂಪು ಸ್ಯಾಟಿನ್ ಕಟ್ಟಿದೆ.

ಹಳೆಯಂಗಡಿಯವರೆಗೆ ಮಾತಿಲ್ಲ. ಐವತ್ತು ದಾಟಲಿಲ್ಲ.
ಮೀನಿನ ಲಾರಿಗಳು ಹಾರ್ನು ಹೊಡೆದು
ಉಪ್ಪುನೀರು ಚೆಲ್ಲುತ್ತಾ ಮುಂದೆ ಹೋದವು.
ಮೂಲ್ಕಿ ಕಳೆದು ಶಾಂಭವಿಯ ಸಂಕದ ಮೇಲೆ
ಘಟ್ಟದ ಕಡೆಯ ಗಾಳಿ ಅಡ್ಡ ಬಂತು.
ತಲೆಯ ಮೇಲೆ ಪಟ್ಟಿ ಕೂಗತೊಡಗಿತು,
ಬೇರಿಂಗು ಹೋದ ಹೊಲಿಗೆ ಮೆಷಿನಿನ ಸ್ವರ.
ಮೈಮೂನಾ ಕಿಟಕಿಯಿಂದ ಕೈ ಹಾಕಿ
ಹಲಗೆಯನ್ನು ಹಿಡಿದುಕೊಂಡಳು.

"ಕೈ ಒಳಗೆ ತೆಗಿ ಮಾರಾಯ್ತಿ,
ಅದು ಹಾರಿದರೆ ನಿನ್ನ ಕೈ ಎಂತ ಮಾಡ್ತದೆ?"
"ಗೊತ್ತುಂಟು" ಅಂದಳು. ತೆಗೆಯಲಿಲ್ಲ.

ಹೋದ ವರ್ಷ ಕಂಕನಾಡಿಯ ಆಸ್ಪತ್ರೆಯಲ್ಲಿ
ನನ್ನ ಸ್ಟ್ರೆಚರಿನ ಕಂಬಿಯನ್ನೂ ಹೀಗೇ ಹಿಡಿದಿದ್ದಳು,
ಲಿಫ್ಟಿನವರೆಗೆ.
ತಳ್ಳುವವರು ಇಬ್ಬರಿದ್ದರು.

ಸಂಕ ಇಳಿದು ಬದಿಗೆ ನಿಲ್ಲಿಸಿದೆ.
ಪಟ್ಟಿಗೆ ಒಂದು ತಿರುವು ಕೊಟ್ಟು ಮತ್ತೆ ಬಿಗಿದೆ, ಕೂಗು ನಿಂತಿತು.
ಇದನ್ನು ಕುಂದರ್ ಹೇಳಿರಲಿಲ್ಲ.
ರಿಬ್ಬನ್ನಿನ ಬುದ್ಧಿ ನನಗೂ ಸ್ವಲ್ಪ ಗೊತ್ತು.

ಹೆಜಮಾಡಿ ಟೋಲಿನಲ್ಲಿ ಸ್ಟಿಕ್ಕರು ಹಿಡಿಯಲಿಲ್ಲ.
ಕೈಯ ಯಂತ್ರ ಹಿಡಿದು ಬಂದ ಹುಡುಗ
ನಾನೇ ಹೊಲಿದ ಬಿಳಿ ಗವಸನ್ನು ಉದ್ದಕ್ಕೆ ನೋಡಿ,
ಸ್ವರ ತಗ್ಗಿಸಿ ಕೇಳಿದ:
"ಅಕ್ಕಾ, ಮೇಲೆ... ಯಾರು?"
ಆಗ ನಕ್ಕಳು ಮೈಮೂನಾ.
ಪಡುಬಿದ್ರಿ ಬಂತು, ಕಾಪು ಬಂತು, ನಗು ನಿಲ್ಲಲಿಲ್ಲ.
ಹಿಡಿದುಕೊಳ್ಳಲು ಮರೆತೇಹೋಗಿತ್ತು.

ಕೋಡಿಬೆಂಗ್ರೆಯಲ್ಲಿ ಕುಂದರರ ಗಂಟು
ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು,
ನಲವತ್ತೈದು ಮೈಲಿ ಏನನ್ನೂ ಹಿಡಿದಿರಲೇ ಇಲ್ಲ ಎಂಬ ಹಾಗೆ.
ಅವಳ ಅಂಗೈಗೆ ಅಡ್ಡಲಾಗಿ ಧೂಳಿನ ಒಂದು ಗೆರೆ;
ಸ್ವರ್ಣೆಯಲ್ಲಿ ಅದ್ದಿ ತೊಳೆದಳು.
ಹಲಗೆಗಳನ್ನು ನೀರಿಗಿಳಿಸಿದೆವು, ಈಗ ಮೂಗು ಮುಂದಕ್ಕೆ.

ಕೆಂಪು ಸ್ಯಾಟಿನ್ನನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.
ವಾಪಸು ಹೋಗಲಿಕ್ಕೆ ಬೇಕಲ್ಲ.