ಗೇಟು ಬಿದ್ದಾಗ

ಹದಿನೇಳು ವರ್ಷ, ಸಂಜೆ ನಾಲ್ಕಕ್ಕೆ ಹೊರಡುತ್ತಿದ್ದೆ
ಕೊರಳಿಗೆ ಆ ಕಪ್ಪು ಮಿಷನ್ನು ತೂಗಿಹಾಕಿಕೊಂಡು.
ಕರ್ರ್ ಎಂದು ನಾಲಿಗೆ ಚಾಚಿ ಅದು ಉಗುಳುವ ಚೀಟಿಯಲ್ಲಿ
ಇಪ್ಪತ್ತು ರೂಪಾಯಿ, ಐವತ್ತು ರೂಪಾಯಿ, ತಾರೀಖು,
ಅಡಿಯಲ್ಲಿ ಸಣ್ಣಗೆ: ವಂದನೆಗಳು.

ಕೊಟ್ರಬಸಪ್ಪ ಅಂತ ನನಗೊಂದು ಹೆಸರಿರುವುದು
ಮಂಡಿಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.
‘ಪಿಗ್ಮಿ ಬಂತು’ ಅನ್ನೋರು,
ನಲ್ಲಿ ಬಂತು, ಕರೆಂಟು ಬಂತು ಅನ್ನೋ ಹಾಗೆ.

ಮಿರ್ಚಿ ಬಾಣಲೆ ಮುಂದಿನ ಹಾಲಮ್ಮ
ಎಣ್ಣೆಗೈ ಒರೆಸಿ ಸೆರಗಿನ ಗಂಟು ಬಿಚ್ಚುವಳು,
ನೋಟಿಗೂ ಓಮಿನ ವಾಸನೆ.
ಕಾಜಾ ಹೊಲೆಯುವ ಪರಸಪ್ಪ
ಪಾಸ್‌ಬುಕ್ಕಿಗೆ ಅಳತೆ ಟೇಪು ಸುತ್ತಿ ಇಡುವವ.
ಮಂಡಕ್ಕಿ ಭಟ್ಟಿಯ ಬದ್ರುನ್‌ಬಿ,
ಕಾದ ಮರಳಿನ ಮುಂದೆ ಕೂತು ಕೂತು
ಬೆರಳ ಗೆರೆಯೇ ಸವೆದುಹೋದವಳು.
ದೊಡ್ಡ ಬ್ಯಾಂಕಿನ ಯಂತ್ರ ಮೂರು ಸಲ ಕೆಂಪಗೆ ಮಿನುಗಿ
‘ನೀನು ನೀನಲ್ಲ’ ಅಂದಿತ್ತು ಅವಳಿಗೆ.
ನಮ್ಮ ಸೊಸೈಟಿಗೆ ಕರೆದವನು ನಾನೇ.
‘ಇಲ್ಲಿ ಬೆರಳು ಬ್ಯಾಡ ಚಾಚಿ, ಮುಖ ಸಾಕು’ ಅಂದಿದ್ದೆ.

ಕಾರಹುಣ್ಣಿಮೆಯ ಮರುದಿನ ಶಟರಿಗೆ ಒಂದು ಕಾಗದ ಅಂಟಿತು.
ಒಬ್ಬರಿಗೆ ಒಂದೇ ಸಾವಿರ, ಮುಂದಿನ ಆದೇಶದವರೆಗೆ.
ಆ ಮುಂದಿನ ಆದೇಶ ಯಾವ ಬಸ್ಸಿಗೆ ಬರುತ್ತದೋ!
ಅಧ್ಯಕ್ಷರ ಮನೆಗೆ ನಾಯಿ ಬಂತು.
ಮ್ಯಾನೇಜರರ ಫೋನು ವ್ಯಾಪ್ತಿಪ್ರದೇಶದ ಹೊರಗೆ.
ವ್ಯಾಪ್ತಿಯೊಳಗೆ ಉಳಿದವನು ನಾನೊಬ್ಬ.

ಯಾರು ಎಲ್ಲಿದ್ದಾರೆ ಎಂದು ನೋಡಿ ನಡೆಯುತ್ತಿದ್ದವನು
ಯಾರು ಎಲ್ಲಿಲ್ಲ ಎಂದು ನೋಡಿ ನಡೆಯತೊಡಗಿದೆ.
ಗಡಿಯಾರ ಕಂಬ ಬಿಟ್ಟು, ಚೌಕಿಪೇಟೆ ಬಿಟ್ಟು,
ಚರಂಡಿ ಪಕ್ಕದ ಸಂದಿಗಳಲ್ಲಿ
ನನ್ನ ಊರಿನಲ್ಲೇ ಸಾಲಗಾರನಂತೆ.
ಮನೆಯಲ್ಲಿ ಇವಳು ದುಡ್ಡನ್ನು ಜೋಳದ ಡಬ್ಬಿಗೆ ಹಾಕುತ್ತಾಳೆ.
‘ಹುಳ ಬಿದ್ರೆ ಕಣ್ಣಿಗಾದ್ರೂ ಕಾಣ್ತಾವೆ’ ಅನ್ನುತ್ತಾಳೆ,
ನನ್ನ ಮುಖ ನೋಡದೆ.

ಮೊನ್ನೆ ರೈಲ್ವೆ ಗೇಟು ಬಿತ್ತು.
ಹಿಂದೆ ಆಟೋ, ಎಡಕ್ಕೆ ಹತ್ತಿಬೀಜದ ಲಾರಿ,
ಬಲಕ್ಕೆ ತಳ್ಳುಗಾಡಿ, ಮಂಡಕ್ಕಿ ಚೀಲಗಳಿಗೆ ಒರಗಿ
ಬದ್ರುನ್‌ಬಿ.
ಓಡಲು ಒಂದು ಗೇಣು ಜಾಗವಿಲ್ಲ.
ಗೂಡ್ಸು ಬಂತು. ತಲೆ ಎತ್ತದೆ ಡಬ್ಬಿ ಎಣಿಸತೊಡಗಿದೆ,
ಹನ್ನೊಂದು, ಹನ್ನೆರಡು, ಹದಿಮೂರು.
‘ಎಷ್ಟಾತು?’ ಅಂದಳು.
‘ಮೂವತ್ತೊಂದು ಸಾವಿರದ ನಾನೂರು.’
ಬಾಯಿಗೆ ತಾನಾಗಿ ಬಂತು.
ಅವಳು ನಕ್ಕೇ ಬಿಟ್ಟಳು. ‘ನಾ ಕೇಳಿದ್ದು ಡಬ್ಬಿ ಕಣಪ್ಪ.’

ಆಮೇಲೆ ಕುಬಸದಿಂದ ಒಂದು ಕಟ್ಟು ತೆಗೆದಳು, ರಬ್ಬರು ಹಾಕಿದ್ದು.
ಒಂದೊಂದೂ ನನ್ನ ಮಿಷನ್ನು ಉಗುಳಿದ ಚೀಟಿ.
ಭಟ್ಟಿಯ ಗೂಡಿನಲ್ಲಿ ಜೋಪಾನ ಮಾಡಿದ್ದಳಂತೆ;
ಬಿಸಿಗೆ ಎಲ್ಲವೂ ಕಪ್ಪಾಗಿದ್ದವು,
ಅಂಕಿಯಿಲ್ಲ, ತಾರೀಖಿಲ್ಲ, ವಂದನೆಯೂ ಇಲ್ಲ,
ಒಂದರ ಮೇಲೊಂದು ಅಮಾವಾಸ್ಯೆ.
‘ಬ್ಯಾಂಕು ಯಾವ ಓಣಿಗೈತೋ ನಂಗೊತ್ತಿಲ್ಲ.
ನಾ ಕೊಟ್ಟಿದ್ದು ನಿನ್ನ ಕೈಗೆ’ ಅಂದಳು,
ಸಿಟ್ಟಿಲ್ಲದೆ, ಸೇರಿಗಿಷ್ಟು ಎಂದು ರೇಟು ಹೇಳುವ ಹಾಗೆ.
‘ಹಿಂದುಗಡೆ ಬೆಳ್ಳಗೈತಿ. ಬರಿ.’

ಬರೆದೆ. ಮೂವತ್ತೊಂದು ಸಾವಿರದ ನಾನೂರು.
‘ಹೆಸರು ಬರಿ. ಪಿಗ್ಮಿ ಅಂತ ಬರೀಬ್ಯಾಡ.’
ತೊಡೆಯ ಮೇಲಿಟ್ಟು ಬರೆದ ಅಕ್ಷರ ಸೊಟ್ಟಗೆ ಬಂತು.
ಓದು ಬಾರದವಳು ಅದನ್ನು ಬಹಳ ಹೊತ್ತು ನೋಡಿ
ಶಾಯಿ ಆರಿತೇ ಎಂದು ಹೆಬ್ಬೆರಳು ಒತ್ತಿದಳು.
ಕಾಗದಕ್ಕೆ ಗುರುತು ಬೀಳಲಿಲ್ಲ,
ಬೆರಳಿಗೆ ಮಾತ್ರ ನನ್ನ ಹೆಸರಿನ ಕೊನೆಯ ಒತ್ತಕ್ಷರ ಅಂಟಿತ್ತು.

ಗೇಟು ಎದ್ದಿತು. ಹಿಂದಿನವರೆಲ್ಲ ಹಾರನ್ನು ಒತ್ತುತ್ತಿದ್ದರು.
ಡಬ್ಬಿ ಒಟ್ಟು ಎಷ್ಟಿದ್ದವೋ,
ನನಗೆ ಲೆಕ್ಕ ತಪ್ಪಿತ್ತು.